ಅರವತ್ತೊಂದು ಹೆಜ್ಜೆ

ಯಾವ ಹೊಸಿಲನ್ನೇ ಆಗಲಿ, ದಾಟುವ ಮುನ್ನ ಲಿಫ್ಟಪ್ಪನವರು ಅರೆಕ್ಷಣ ನಿಲ್ಲುತ್ತಾರೆ. ಬಲಗಾಲನ್ನು ತುಸು ಎತ್ತಿ, ಪಾದದ ತುದಿಯಿಂದ ಆಚೆಯ ನೆಲವನ್ನು ಮುಟ್ಟಿ, ಅದು ಈಚೆಯ ನೆಲದ ಮಟ್ಟಕ್ಕೇ ಇದೆಯೆಂದು ಖಾತ್ರಿ ಮಾಡಿಕೊಂಡು, ಅನಂತರವೇ ಇಡೀ ದೇಹವನ್ನು ಆಚೆಗೆ ಸಾಗಿಸುತ್ತಾರೆ. ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವರ ಕಾಲಿಗೆ ನೆಲದ ಮೇಲೆ ಸುಲಭವಾಗಿ ನಂಬಿಕೆ ಹುಟ್ಟುವುದಿಲ್ಲ. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಸ್ವಂತ ತಂಗಿಯ ಮನೆಯಿರಲಿ, ಹಿಂದೆ ಬರುವವರು ಅವರ ಬೆನ್ನಿಗೆ ಮೂಗು ತಾಗಿಸಿಕೊಂಡು “ಏನ್ರೀ ಆಯ್ತು?” ಎಂದು ಗೊಣಗುವುದೂ, ಅವರು ತಿರುಗದೆಯೇ “ಏನಿಲ್ಲ, ಸಮ ಇದೆ, ಬನ್ನಿ” ಎಂದು ಅಭಯ ನೀಡುವುದೂ ನಾನು ಬಲ್ಲಂತೆ ಹನ್ನೊಂದು ವರ್ಷಗಳಿಂದ ನಡೆದು ಬಂದಿದೆ.

ನಿವೃತ್ತರಾದ ದಿನ ಅವರಿಗೆ ಒಂದು ಜ್ಞಾನೋದಯವಾಯಿತಂತೆ. “ಇಷ್ಟು ವರ್ಷ ಮೇಲೆ ಕೆಳಗೆ ಓಡಾಡಿದ್ದನ್ನ ಒಟ್ಟು ಹಾಕಿದ್ರೆ ಎಷ್ಟೋ ದೇಶ ಸುತ್ತಿರ್ತಿದ್ದೆ. ಆದ್ರೆ ಹತ್ತಿದ ಕಟ್ಟಡದಲ್ಲೇ ಇಳಿದೆ ನೋಡಿ” ಎಂದರು. ಇನ್ನುಳಿದ ಆಯುಷ್ಯವನ್ನು ಅಡ್ಡಡ್ಡಲಾಗಿ ಕಳೆಯಬೇಕೆಂದು ನಿಶ್ಚಯಿಸಿ, ಮರುವಾರವೇ ನಮ್ಮ ದಾರಿ ಜೋಡಣಾ ಟ್ರಸ್ಟಿನ ಆಡಳಿತ ಮಂಡಳಿಗೆ ಸೇರಿದರು.

ಈ ಮಹಾಮಂಡಳಿಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಸುತ್ತಿನ ಐದು ಊರುಗಳಿಗೂ ಒಂದೊಂದು ತುಂಡು ಕಾಲುದಾರಿಯಿತ್ತು. ಒಂದು ಕೆರೆಯ ಸುತ್ತ, ಒಂದು ಕಿತ್ತುಹಾಕಿದ ರೈಲುಹಳಿಯ ಜಾಡಿನಲ್ಲಿ, ಒಂದು ಹೊಳೆಯಂಚಿನಲ್ಲಿ. ಪ್ರತಿಯೊಂದೂ ಚೆನ್ನಾಗಿಯೇ ಹೊರಟು, ಮಾತಿನ ನಡುವೆ ಹೇಳಬೇಕಾದ್ದು ಮರೆತವರಂತೆ ಎಲ್ಲೋ ನಿಂತುಬಿಡುತ್ತಿತ್ತು. ಇವೆಲ್ಲವನ್ನೂ ಹೆಣೆದು ನಲವತ್ತಮೂರು ಕಿಲೋಮೀಟರಿನ ಒಂದೇ ದಾರಿ ಮಾಡುವುದು ಟ್ರಸ್ಟಿನ ಧ್ಯೇಯ. ಪ್ರತಿ ತಿಂಗಳ ಮೊದಲ ಶನಿವಾರ, ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಕಾಲು ಕುಂಟುವ ಮೇಜಿನ ಸುತ್ತ ನಾವು ಏಳು ಜನ ಕುಳಿತು ನಡಿಗೆಯ ಮಹಿಮೆಯನ್ನು ಕೊಂಡಾಡುತ್ತಿದ್ದೆವು. ಅಧ್ಯಕ್ಷರು ದಂತವೈದ್ಯರು. ಎದುರಿಗಿರುವವರ ಬಾಯಲ್ಲಿ ಸದಾ ಏನಾದರೂ ಉಪಕರಣ ಇದೆಯೆಂದೇ ಭಾವಿಸಿ, ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುವವರು. ನಾನು ಕಾರ್ಯದರ್ಶಿ. ಸ್ವಂತ ಮುದ್ರಣಾಲಯ ಇರುವುದರಿಂದ ಕರಪತ್ರ, ಮನವಿಪತ್ರ, ನಕ್ಷೆ ಎಲ್ಲವೂ ನನ್ನ ಪಾಲು. “ದಾರಿ ಯಾರಪ್ಪನ ಸ್ವತ್ತೂ ಅಲ್ಲ” ಎಂಬ ವೀರವಾಕ್ಯ ಐದೂರಿನ ಗೋಡೆಗಳ ಮೇಲೆ ಮೆರೆಯಿತಲ್ಲ, ಅದು ಈ ಲೇಖನಿಯಿಂದಲೇ ಹೊರಟದ್ದು. ಮಂಡಳಿಯಲ್ಲಿ ನಿಜವಾಗಿ ನಡೆಯುತ್ತಿದ್ದವರು ಲಿಫ್ಟಪ್ಪನವರೊಬ್ಬರೇ. ಉಳಿದ ಆರೂ ಜನ ಗ್ರಂಥಾಲಯಕ್ಕೆ ವಾಹನದಲ್ಲಿ ಬರುತ್ತಿದ್ದೆವು.

ಅವರದು ಬೂದುಬಣ್ಣದ ಒಂದು ನಿಲುವಂಗಿ, ಲಿಫ್ಟ್ ಕಂಪನಿ ಕೊಟ್ಟದ್ದು. ಜೇಬಿನ ಮೇಲಿದ್ದ ಕಂಪನಿಯ ಹೆಸರನ್ನು ಅವರೇ ಕೂತು ದಾರ ಬಿಡಿಸಿ ಕಿತ್ತಿದ್ದರೂ, ಆ ಅಕ್ಷರಗಳಿದ್ದಲ್ಲಿ ಬಟ್ಟೆ ಮಾಸದೆ ಉಳಿದು, ಹೆಸರು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಒಳಗೆ ಅಳತೆಪಟ್ಟಿ, ಸೀಮೆಸುಣ್ಣ, ಪೆಪರ್‌ಮಿಂಟು, ಜೊತೆಗೆ ನಡೆಯುವವರ ಲೇಸು ಹರಿದರೆ ಇರಲೆಂದು ಎರಡು ಜೊತೆ ಶೂ ಲೇಸು. ಹೆಜ್ಜೆ ಎಣಿಸುತ್ತಲೇ ನಡೆಯುವರು. ನೂರಕ್ಕೊಮ್ಮೆ ಎಡಗೈಯ ಒಂದು ಬೆರಳು ಮಡಚುವುದು. ಮಾತಾಡುತ್ತಿದ್ದರೂ ಬೆರಳು ತನ್ನಷ್ಟಕ್ಕೆ ಮಡಚಿಕೊಳ್ಳುತ್ತಿತ್ತು.

ಜಾಗದ ಮಾಲೀಕರನ್ನು ಒಪ್ಪಿಸಲು ಅವರಿಗೊಂದು ವಿಧಿಯಿತ್ತು. ಮೂರು ನಡಿಗೆ. ಮೊದಲನೆಯ ಸಲ ಮಾಲೀಕರನ್ನು ಕರೆದುಕೊಂಡು ಅವರದೇ ಜಾಗದಲ್ಲಿ ಒಂದು ಸುತ್ತು ಹೋಗಿ ಗಾಳಿ ಬಿಸಿಲಿನ ಬಗ್ಗೆ ಮಾತಾಡಿ ಬರುವುದು. ಎರಡನೆಯ ಸಲ ಮಂಡಿನೋವಿನ ಬಗ್ಗೆ. ಮೂರನೆಯ ಸಲ ಮಾತ್ರ, ಅದೂ ಹೊರಡುವ ಹೊತ್ತಿಗೆ, “ಇಲ್ಲೊಂದು ದಾರಿ ಬಿಡ್ತೀರಾ?” ಎಂದು ಕೇಳುವುದು. ಇಲ್ಲವೆಂದರೆ ಪೆಪರ್‌ಮಿಂಟು ಕೊಟ್ಟು ಬರುವುದು. ಮತ್ತೆಂದೂ ಕೇಳುವುದಿಲ್ಲ, ಅವರ ಬಗ್ಗೆ ಒಂದು ಕೆಟ್ಟ ಮಾತೂ ಆಡುವುದಿಲ್ಲ. ದಂತವೈದ್ಯರಿಗೆ ಈ ನಿಧಾನ ಕಂಡರೆ ಹಲ್ಲು ಕಡಿಯುವಂತಾಗುತ್ತಿತ್ತು. “ಮೊದಲ ಸಲವೇ ಕೇಳಿದ್ರೆ ಏನಾಗುತ್ತೆ? ಏನೂ ಆಗಲ್ಲ!” ಎಂದರೆ ಲಿಫ್ಟಪ್ಪನವರು, “ಬಾಗಿಲು ತಾನಾಗಿ ತೆಗೆಯೋದಕ್ಕೆ ಸ್ವಲ್ಪ ಟೈಮ್ ಬೇಕು ಡಾಕ್ಟ್ರೇ. ಮೀಟಿ ಎಳೆದ್ರೆ ತೆಗೆಯುತ್ತೆ, ಆಮೇಲೆ ಮುಚ್ಚಲ್ಲ, ಲಿಫ್ಟೂ ಹೋಗಲ್ಲ” ಎನ್ನುತ್ತಿದ್ದರು. ಹೀಗೆ ಒಂಬತ್ತು ವರ್ಷಗಳಲ್ಲಿ ಇಪ್ಪತ್ತೆಂಟು ಮಾಲೀಕರನ್ನು ನಡೆಸಿ, ನಲವತ್ತಮೂರು ಕಿಲೋಮೀಟರನ್ನು ಹೆಚ್ಚುಕಡಿಮೆ ಪೂರ್ತಿ ಹೊಲಿದರು.

ಹೆಚ್ಚುಕಡಿಮೆ ಎಂದೆ. ಆ ಕಡಿಮೆ ಬಿದ್ದದ್ದು ಅರವತ್ತೊಂದು ಹೆಜ್ಜೆ. ಅದು ನನ್ನ ಹಿತ್ತಲು.

ಇನ್ನು ಮುಂದಿನದನ್ನು ನಾನು ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದೇನೆ. ಓದುವವರು ಬೇಕಾದರೆ ತಲೆಯೆತ್ತಿಯೇ ಓದಬಹುದು. ನಮ್ಮ ಮನೆ, ಮುದ್ರಣಾಲಯ, ಕಾಗದದ ಗೋದಾಮು ಮೂರೂ ಸಾಲಾಗಿ ಹೊಳೆಗೆ ಬೆನ್ನು ಹಾಕಿ ನಿಂತಿವೆ. ಅಕ್ಕಪಕ್ಕದವರ ಹಿತ್ತಲ ಆಚೆ ಹೊಳೆಯಂಚಿನ ಪಟ್ಟಿ ಬಯಲಾಗಿಯೇ ಇದೆ. ನಮ್ಮಲ್ಲಿ ಮಾತ್ರ ಅದಕ್ಕೆ ತಂತಿಬೇಲಿಯಿತ್ತು. ಅಪ್ಪ ಹಾಕಿಸಿದ್ದು. ಬೇಲಿಯೊಳಗೆ ಒಂದು ನಿಂಬೆಗಿಡ, ಅದರ ಕೆಳಗೆ ಒಂದು ಬೆತ್ತದ ಕುರ್ಚಿ. ನಾನು ಬರೆಯುತ್ತಿದ್ದುದು ಅಲ್ಲಿ ಕೂತೇ. “ದಾರಿ ಯಾರಪ್ಪನ ಸ್ವತ್ತೂ ಅಲ್ಲ” ಎಂಬುದನ್ನೂ ಅಲ್ಲಿಯೇ, ನಮ್ಮಪ್ಪನ ಬೇಲಿಗೆ ಕಾಲು ಚಾಚಿಕೊಂಡು ಬರೆದೆ.

ನಕ್ಷೆ ಬರೆಯುವಾಗ ನಾನು ಮಾಡಿದ್ದು ಅತಿ ಸಣ್ಣ ಕೆಲಸ. ದಾರಿಯ ನೀಲಿಗೆರೆಯನ್ನು ನಮ್ಮ ಹಿತ್ತಲಿಗೆ ಸ್ವಲ್ಪ ಮೊದಲೇ ಹೊಳೆ ದಾಟಿಸಿ, ಆಚೆ ದಡದಲ್ಲಿ ನಡೆಸಿ, ಹಿತ್ತಲು ಮುಗಿದ ಮೇಲೆ ಮರಳಿ ಈಚೆಗೆ ತಂದೆ. ಕಾಗದದ ಮೇಲೆ ಅದು ಒಂದು ಕೂದಲೆಳೆಯ ಬಳುಕು. ನೆಲದ ಮೇಲೆ ಅದಕ್ಕೆ ಎರಡು ಕಾಲುಸೇತುವೆ ಬೇಕು. ಅರವತ್ತೊಂದು ಹೆಜ್ಜೆಯನ್ನು ತಪ್ಪಿಸಲು ಎರಡು ಸೇತುವೆ! ಮಂಡಳಿ ಚಪ್ಪಾಳೆ ತಟ್ಟಿ ಒಪ್ಪಿತು. ಅಚ್ಚಾದದ್ದನ್ನು ಅನುಮಾನಿಸುವ ಅಭ್ಯಾಸ ನಮ್ಮವರಿಗಿಲ್ಲ. ಆ ಒಂದು ಗುಣದಿಂದಲೇ ನನ್ನ ಕಸುಬು ನಡೆದಿರುವುದು.

ಆಚೆ ದಡದಲ್ಲಿ ಒಂದು ಲಾಂಡ್ರಿಯ ಬಟ್ಟೆ ಒಣಗಿಸುವ ಅಂಗಳವಿತ್ತು. ಲಾಂಡ್ರಿಯಮ್ಮ ಸಾಮಾನ್ಯಳಲ್ಲ. ಆಸ್ಪತ್ರೆಯ ಹಾಸಿಗೆವಸ್ತ್ರ ಒಗೆದು ಒಗೆದು ಮನುಷ್ಯರ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿದುಕೊಂಡವಳು. ಲಿಫ್ಟಪ್ಪನವರು ಅವಳನ್ನು ಮೂರು ಸಲ ನಡೆಸಿದರು. ಅವಳು ಒಪ್ಪಿ, ಅಂಗಳದಂಚಿನಲ್ಲಿ ಬಟ್ಟೆ ಹರವುವ ಎರಡು ಸಾಲು ಹಗ್ಗ ಬಿಚ್ಚಿ, ಕಂಬ ಕಿತ್ತು, ಜಾಗ ಬಿಟ್ಟಳು. ಮೊದಲೇ ಇಕ್ಕಟ್ಟಿನ ಅಂಗಳ. ಅಂದಿನಿಂದ ಅವಳ ಹಾಸಿಗೆವಸ್ತ್ರಗಳು ಒಂದರ ಮೇಲೊಂದು ಬಿದ್ದು ಒಣಗಲು ಎರಡೆರಡು ದಿನ ಹಿಡಿಯುತ್ತಿತ್ತು. ಕುರ್ಚಿಯಲ್ಲಿ ಕೂತು ನಾನು ಅದನ್ನು ದಿನಾ ನೋಡುತ್ತಿದ್ದೆ. ಸೇತುವೆಗಳು ಮಾತ್ರ ಏಳಲಿಲ್ಲ. ದಡ ಸಡಿಲವೆಂದು ಎಂಜಿನಿಯರು ಕೈಚೆಲ್ಲಿಬಿಟ್ಟರು.

ಒಂದು ಬೆಳಿಗ್ಗೆ ಲಿಫ್ಟಪ್ಪನವರು ಮುದ್ರಣಾಲಯಕ್ಕೆ ಬಂದು, ಹೊಸಿಲಲ್ಲಿ ಅರೆಕ್ಷಣ ನಿಂತು, ಒಳಗಡಿಯಿಟ್ಟರು.

“ನಿಮ್ಮ ನಕ್ಷೇಲಿ ಹೊಳೆ ದಾಟೋ ಕಡೆ ದಾರಿ ಸ್ವಲ್ಪ ಬಳುಕಿದೆ.”

“ದಾರಿ ಅಂದ್ಮೇಲೆ ಬಳುಕಲ್ವೇನ್ರೀ? ಅದೇನು ನಿಮ್ಮ ಲಿಫ್ಟಾ?” ಎಂದೆ ನಾನು, ನಗುತ್ತ.

ಅವರೂ ನಕ್ಕರು. ಆಮೇಲೆ, ಗೋಡೆಯ ಕಡೆ ನೋಡುತ್ತ, “ಒಂದು ಸುತ್ತು ವಾಕ್ ಹೋಗೋಣ್ವಾ?” ಎಂದರು.

ಇದು ಮೊದಲನೆಯ ನಡಿಗೆಯೆಂದು ನನಗೆ ಗೊತ್ತಾಯಿತು. ಗಾಳಿ ಬಿಸಿಲು ಆಯಿತು. ಮುಂದಿನ ವಾರ ಮಂಡಿನೋವು ಆಯಿತು. ಎರಡು ಸಲವೂ ನಾವು ನಡೆದದ್ದು ನಮ್ಮ ಬೇಲಿಯ ಬುಡದಲ್ಲೇ, ಅವರ ಬೆರಳು ಮಡಚುತ್ತ. ಮೂರನೆಯ ವಾರಕ್ಕೆ ನಾನು ಮಹಾಯುದ್ಧದ ಸಿದ್ಧತೆ ನಡೆಸಿದೆ. ಗೋದಾಮಿನ ಭದ್ರತೆ, ಅಪ್ಪನ ನೆನಪು, ನಿಂಬೆಗಿಡದ ಬೇರು ಎಂದು ಮೂರು ಅಸ್ತ್ರಗಳನ್ನು ಹದಮಾಡಿಟ್ಟುಕೊಂಡೆ. ಅವರು ಬಂದರು, ಹಿತ್ತಲಿಗೆ ನಡೆದರು, ನನ್ನ ಬೆತ್ತದ ಕುರ್ಚಿಯಲ್ಲಿ ಕೂತರು, ಹೊಳೆ ನೋಡಿದರು. ನನ್ನ ಮುಖವನ್ನೂ ಒಮ್ಮೆ ನೋಡಿದರು. “ಒಳ್ಳೆ ಜಾಗ” ಎಂದು ಎದ್ದು, ಪೆಪರ್‌ಮಿಂಟು ಕೈಗಿಟ್ಟು, ಹೊರಟೇಹೋದರು. ನನ್ನ ಅಸ್ತ್ರಗಳೆಲ್ಲ ಬತ್ತಳಿಕೆಯಲ್ಲೇ ಉಳಿದವು. ಅಂದು ರಣರಂಗದಲ್ಲಿ ಒಂಟಿಯಾಗಿ ನಿಂತ ವೀರನಿಗೆ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ, “ಕೇಳ್ಲಿಲ್ವಾ? ಹೋಗ್ಲಿ ಬಿಡಿ, ಗೆದ್ರಲ್ಲ. ಪೆಪರ್‌ಮಿಂಟು ತಿನ್ನಿ” ಎಂದಳು. ತಿಂದೆ. ಎಂದೂ ಅಷ್ಟು ಹೊತ್ತು ಕರಗದ ಪೆಪರ್‌ಮಿಂಟು ತಿಂದವನಲ್ಲ.

ಎಂಟು ತಿಂಗಳು ಹೀಗೇ ಕಳೆದವು. ಉದ್ಘಾಟನೆ ಹತ್ತಿರ ಬಂತು. ಲಿಫ್ಟಪ್ಪನವರೇ ಮಂಡಳಿಯ ಮುಂದೆ ಎದ್ದು, ಸೇತುವೆ ಆಗದ ಕಾರಣ ಆ ಒಂದು ಕಡೆ ದಾರಿಯನ್ನು ಹೆದ್ದಾರಿಗೆ ಹತ್ತಿಸಿ, ಲಾರಿಗಳ ಪಕ್ಕದಲ್ಲೇ ಸುತ್ತು ಹಾಕಿಸಿ ಇಳಿಸೋಣ ಎಂದರು. ಯಾರ ಕಡೆಗೂ ನೋಡಲಿಲ್ಲ. ಫಲಕ ಅಚ್ಚು ಹಾಕುವ ಕೆಲಸ ನನಗೆ ಬಂತು. ಒಕ್ಕಣೆಯನ್ನು ಲಿಫ್ಟಪ್ಪನವರೇ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ತಂದಿದ್ದರು: “ದಾರಿ ಇಲ್ಲಿಗೆ ನಿಲ್ಲುತ್ತದೆ. ದಯವಿಟ್ಟು ರಸ್ತೆಯಲ್ಲಿ ಎಚ್ಚರಿಕೆಯಿಂದ ನಡೆಯಿರಿ.”

ಅಚ್ಚಿನ ಮೊದಲ ಪ್ರತಿ ತೆಗೆದು ತಪ್ಪು ನೋಡಲು ಕೂತೆ. ಒಂದು ಕಾಗುಣಿತವೂ ತಪ್ಪಿರಲಿಲ್ಲ.

“ಮೂರನೇ ಸಲ ಯಾಕೆ ಕೇಳ್ಲಿಲ್ಲ ನೀವು?” ನನ್ನ ಬಾಯಿಂದ ಹೊರಟೇಬಿಟ್ಟಿತು.

ಅವರು ನಿಲುವಂಗಿಯ ಗುಂಡಿಯನ್ನು ಹಾಕಿ ತೆಗೆದು ಮತ್ತೆ ಹಾಕಿದರು. “ಕೇಳಿದ್ರೆ ಇಲ್ಲ ಅಂತಿದ್ರಿ. ನನಗೇನೂ ಬೇಜಾರಿಲ್ಲ, ಬೇಕಾದಷ್ಟು ಜನ ಅಂದಿದಾರೆ. ಆದ್ರೆ ಆಮೇಲೆ ನೀವು ಶನಿವಾರ ಮೀಟಿಂಗಿಗೆ ಬರೋದು ಬಿಟ್ಬಿಡ್ತಿದ್ರಿ. ನಿಮ್ಮಷ್ಟು ಚೆನ್ನಾಗಿ ಪತ್ರ ಬರೆಯೋರು ನಮಗೆ ಎಲ್ಲಿ ಸಿಗ್ತಾರೆ?” ಎಂದರು.

ವ್ಯಂಗ್ಯವಿರಬಹುದೇ ಎಂದು ಅವರ ಮುಖದಲ್ಲಿ ಆಸೆಯಿಂದ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನಾನು ಇಂದಿಗೂ ಆ ಕುರ್ಚಿಯಲ್ಲಿ ಸುಖವಾಗಿರುತ್ತಿದ್ದೆ.

ಉದ್ಘಾಟನೆಯ ದಿನ ಬೆಳಿಗ್ಗೆ ನಾನು ಇಕ್ಕಳ ಹಿಡಿದು ಬೇಲಿಗೆ ಇಳಿದೆ. ಐವತ್ತು ದಾಟಿದ ಮುದ್ರಕನೊಬ್ಬ ಮುಳ್ಳುತಂತಿಯೊಡನೆ ನಡೆಸಿದ ಆ ಸಮರದ ವಿವರ ಬೇಡ. ಅಂಗಿ ಸೋತಿತು, ಬೇಲಿಯೂ ಸೋತಿತು. ಕುರ್ಚಿಯನ್ನು ಒಳಗೆ ಸಾಗಿಸಿದೆ. ಆಚೆ ದಡದಲ್ಲಿ ಲಾಂಡ್ರಿಯಮ್ಮ ಬಟ್ಟೆ ಹಿಂಡುತ್ತ ಎಲ್ಲವನ್ನೂ ನೋಡಿ, “ಏನ್ ಸ್ವಾಮಿ, ಕಳೆದು ಹೋಗಿದ್ದು ಸಿಕ್ತಾ?” ಎಂದು ಕೂಗಿದಳು.

“ಸಿಕ್ತಮ್ಮ.”

“ಹಾಗಾದ್ರೆ ನನ್ನ ಹಗ್ಗ ನಾನು ಕಟ್ಕೊಳ್ಳಲಾ?”

ಹೂಂ ಎಂದು ತಲೆಯಾಡಿಸಿದೆ.

ಹತ್ತು ಗಂಟೆಗೆ ಅವರು ಬಂದರು, ಹಿಂದೆ ಐದೂರಿನ ನೂರಾರು ಜನ. ಬೇಲಿ ಇದ್ದಲ್ಲಿಗೆ ಬಂದು ಲಿಫ್ಟಪ್ಪನವರು ಅರೆಕ್ಷಣ ನಿಂತರು. ಹಿಂದೆ ದಂತವೈದ್ಯರ ಮೂಗು ಅವರ ಬೆನ್ನಿಗೆ ತಾಗಿತು. ಬಲಗಾಲೆತ್ತಿ, ಪಾದದ ತುದಿಯಿಂದ ನಮ್ಮಪ್ಪನ ನೆಲವನ್ನು ಮುಟ್ಟಿ ನೋಡಿದರು. “ಸಮ ಇದೆ, ಬನ್ನಿ” ಎಂದು ಒಳಗೆ ಅಡಿಯಿಟ್ಟರು. ಕೃತಜ್ಞತೆ ಹೇಳಲಿಲ್ಲ. ನಿಂಬೆಗಿಡ ದಾಟಿ, ಆ ತುದಿ ಮುಟ್ಟಿ, “ಅರವತ್ತೊಂದು” ಎಂದರು. ಆಮೇಲೆ ಒಳಜೇಬಿನಿಂದ ಒಂದು ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟು, “ನಕ್ಷೆ ತಿದ್ದೋದಕ್ಕೆ ಬೇಕಾಗುತ್ತೆ” ಎಂದು ಮುಂದೆ ನಡೆದರು.

ಪುರಸಭೆಯ ಹಳೆಯ ನಕ್ಷೆಯ ಪ್ರತಿ. ಹೊಳೆಯಂಚಿನ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಸಾರ್ವಜನಿಕ ದಾರಿಯೆಂದು ಅದರಲ್ಲಿ ಕಾಣಿಸಿತ್ತು. ಅಪ್ಪನ ಬೇಲಿ ನಿಂತಿದ್ದದ್ದು ನಮ್ಮ ನೆಲದ ಮೇಲೇ ಅಲ್ಲ. ಪ್ರತಿ ಕೊಟ್ಟ ದಿನಾಂಕ ಮೂಲೆಯಲ್ಲಿತ್ತು: ಅವರು “ದಾರಿ ಬಳುಕಿದೆ” ಎಂದು ಮುದ್ರಣಾಲಯಕ್ಕೆ ಬಂದದ್ದರ ಹಿಂದಿನ ದಿನ. ಎಂಟು ತಿಂಗಳು ಅದು ಪೆಪರ್‌ಮಿಂಟಿನ ಜೊತೆ ಜೇಬಿನಲ್ಲೇ ಇದ್ದು, ಮಡಿಕೆಗಳೆಲ್ಲ ಬಟ್ಟೆಯಂತೆ ಮೆತ್ತಗಾಗಿದ್ದವು. ಯಾವುದೇ ಶನಿವಾರ ಅದನ್ನು ಆ ಕುಂಟುವ ಮೇಜಿನ ಮೇಲೆ ಬಿಡಿಸಿದ್ದರೆ ನನ್ನ ಕಥೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಮುಂದಿನ ಸಭೆಯಲ್ಲಿ ಲಿಫ್ಟಪ್ಪನವರೇ ನನಗೆ ವಂದನಾ ನಿರ್ಣಯ ಮಂಡಿಸಿದರು. ಚಪ್ಪಾಳೆ ಬಿತ್ತು. ದಂತವೈದ್ಯರು “ಇಂಥ ತ್ಯಾಗ ಯಾರು ಮಾಡ್ತಾರೆ? ಯಾರೂ ಮಾಡಲ್ಲ!” ಎಂದರು. ನಡಾವಳಿ ಬರೆಯುವುದು ಕಾರ್ಯದರ್ಶಿಯ ಕರ್ತವ್ಯವಾದ್ದರಿಂದ, “ಕಾರ್ಯದರ್ಶಿಯವರು ಉದಾರವಾಗಿ ಬಿಟ್ಟುಕೊಟ್ಟ ಜಾಗಕ್ಕಾಗಿ” ಎಂದು ನನ್ನ ಕೈಯಾರೆ, ನನ್ನ ಚೆಂದದ ಅಕ್ಷರದಲ್ಲಿ ಬರೆದೆ. “ಉದಾರವಾಗಿ” ಎಂಬುದನ್ನು ಎರಡು ಸಲ ಹೊಡೆದುಹಾಕಿದೆ. ಎರಡು ಸಲವೂ ಅವರು ಪಕ್ಕದಿಂದ ಬಗ್ಗಿ ನೋಡಿ, “ಅದು ಇರ್ಲಿ ಬಿಡಿ” ಎಂದರು.

ಈಗ ದಿನಾ ಬೆಳಿಗ್ಗೆ ಯಾರ್ಯಾರೋ ನನ್ನ ಹಿತ್ತಲಲ್ಲಿ ನಡೆದುಹೋಗುತ್ತಾರೆ. ಕೆಲವರು ಕಿಟಕಿಯತ್ತ ಕೈಮುಗಿಯುತ್ತಾರೆ. ನಾನು ತಕ್ಷಣ ಬಗ್ಗಿ, ಬೀಳದಿರುವ ಏನನ್ನೋ ಹುಡುಕುತ್ತೇನೆ. ಲೋಕದಲ್ಲಿ ದಾರಿ ಮಾಡುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಗುದ್ದಲಿಯಿಂದಲೋ ಕಾನೂನಿನಿಂದಲೋ, ನನ್ನಂಥವರಾದರೆ ಘೋಷಣೆಯಿಂದಲೋ ಮಾಡುತ್ತಾರೆ. ಲಿಫ್ಟಪ್ಪನವರ ಜಾತಿಯ ಜನ ಮಾತ್ರ ಅಪರೂಪ. ನಿಮ್ಮ ತಪ್ಪಿನ ದಾಖಲೆಯನ್ನು ಜೇಬಿನಲ್ಲಿಟ್ಟುಕೊಂಡು, ನಿಮ್ಮ ಪಕ್ಕದಲ್ಲೇ, ನಿಮ್ಮ ಹೆಜ್ಜೆಗೆ ಹೆಜ್ಜೆ ಹಾಕುತ್ತ, ನೀವು ನಿಮ್ಮ ಬಾಗಿಲನ್ನು ನೀವೇ ತೆಗೆಯುವವರೆಗೆ ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ಅಂಥವರ ಕೈಗೆ ಸಿಕ್ಕಿದವನಿಗೆ ಸೋಲುವ ನೆಮ್ಮದಿಯೂ ಇಲ್ಲ. ಸೋತವನನ್ನು ಊರು ಮರೆಯುತ್ತದೆ. ಉದಾರಿಯೆಂದು ನಡಾವಳಿಯಲ್ಲಿ ಸೇರಿಹೋದವನು ಬಾಕಿ ಆಯುಷ್ಯವೆಲ್ಲ ಹಾಗೆಯೇ ನಡೆದುಕೊಳ್ಳಬೇಕಾಗುತ್ತದೆ.