ಕಡಲುಗಳ್ಳರ ಮಾತು ಕಲಿತ ರಾಜೀಮತಿ

ಚನ್ನರಾಯಪಟ್ಟಣದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದ ರಾಜೀಮತಿಯ ದನಿ ಊರಿಗೆಲ್ಲ ಗೊತ್ತಿತ್ತು, ಮುಖ ಮಾತ್ರ ಕೆಲವರಿಗಷ್ಟೇ. ಟ್ರಂಕ್ ಕಾಲ್ ಕಾಲದಲ್ಲಿ ಎಂಥ ಸಿಡುಕರೂ ಆ ದನಿ ಕೇಳಿ ತಣ್ಣಗಾಗುತ್ತಿದ್ದರು. ಮನೆಯಲ್ಲೂ ಅಷ್ಟೇ ಮೆತ್ತಗಿನ ಮಾತು. ಅತ್ತೆಯ ಕಾಲದಿಂದಲೂ ಆ ಜೈನರ ಮನೆಯಲ್ಲಿ ಹೊಡಿ, ಬಡಿ, ಕೊಚ್ಚು ಎಂಬ ಪದಗಳು ಹೊಸ್ತಿಲೊಳಗೆ ಬಂದಿರಲಿಲ್ಲ. ಹುರುಳಿಕಾಯಿಯನ್ನು ಕೂಡ ‘ಹಸನು ಮಾಡು’ ಎನ್ನುತ್ತಿದ್ದರೇ ಹೊರತು ‘ಕೊಯ್ಯಿ’ ಎನ್ನುತ್ತಿರಲಿಲ್ಲ.

ಇಂಥವಳಿಗೆ ಹಾಸನದಿಂದ ಮೊಮ್ಮಗಳು ಪ್ರೇಕ್ಷಾ ಫೋನ್ ಮಾಡಿದಳು.

“ಅಜ್ಜಿ, ಬರೋ ಶುಕ್ರವಾರ ನಾವಿಬ್ರೂ ಇಡೀ ದಿನ ಕಡಲುಗಳ್ಳರ ಥರಾನೇ ಮಾತಾಡ್ಬೇಕು. ಅವತ್ತು ಬೇರೆ ಬೇರೆ ದೇಶದಲ್ಲಿ ಜನ ತಮಾಷೆಗೆ ಹಂಗೇ ಮಾತಾಡ್ತಾರಂತೆ. ಸಾದಾ ಮಾತಾಡಿದೋರು ಔಟ್.”

“ಆಗ್ಲಿ ಮರಿ,” ಎಂದುಬಿಟ್ಟಳು ರಾಜೀಮತಿ. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಕಡಲುಗಳ್ಳ ಅಂದರೆ ಒಂಟಿ ಕಣ್ಣಿನ ಪಟ್ಟಿ, ಹೆಗಲ ಮೇಲೊಂದು ಗಿಳಿ. ಅದು ಗೊತ್ತು. ಆದರೆ ಅವನು ಬಾಯಿ ಬಿಟ್ಟರೆ ಹೇಗಿರುತ್ತದೆ? ಅದೂ ಕನ್ನಡದಲ್ಲಿ?

ಮೊಮ್ಮಗಳು ಕಳಿಸಿದ ವಿಡಿಯೋದಲ್ಲಿ ಗಡ್ಡದವನೊಬ್ಬ ‘ಆರ್ರ್’ ಎನ್ನುತ್ತಿದ್ದ. ರಾಜೀಮತಿ ಬಾಗಿಲು ಹಾಕಿಕೊಂಡು ತಾನೂ ‘ಆರ್ರ್’ ಎಂದಳು. ಅದು ಎಕ್ಸ್‌ಚೇಂಜಿನವಳು ‘ಹಲೋ’ ಅಂದಷ್ಟೇ ಇಂಪಾಗಿ ಬಂತು.

ಆ ವಾರ ನೆಂಟರ ಮನೆಯ ನಾಮಕರಣಕ್ಕೆಂದು ಹೊಳೆನರಸೀಪುರಕ್ಕೆ ಹೋದವಳು ಊಟವಾದ ಮೇಲೆ ಹೊಳೆಯ ಕಡೆಗೆ ನಡೆದಳು. ಒಂದು ಕಾಲದಲ್ಲಿ ಅಲ್ಲಿ ಹರಿಗೋಲು ಹಾಕುತ್ತಿದ್ದ ಲಕ್ಕಯ್ಯ ಮರದ ಬುಡದಲ್ಲಿ ಕೂತಿದ್ದ. ನೀರಿನ ಮೇಲೆ ಬದುಕಿದವನಿಗೆ ಗೊತ್ತಿರಬಹುದೆಂದು ಅವಳ ಲೆಕ್ಕ.

“ನೀರಿನ ಮೇಲಿರೋರು ಜೋರಾಗಿ ಹೆಂಗೆ ಕೂಗ್ತಾರೆ ಲಕ್ಕಯ್ಯ?”

“ನೀರ್ ಮ್ಯಾಲೆ ಯಾರವ್ವ ಕೂಗ್ತಾರೆ? ಕೂಗುದ್ರೆ ಅರ್ಗೋಲ್ನಾಗಿರೋರು ಎದ್ರುಕಂಡು ಒಂದ್ ಕಡಿಕೆ ವಾಲ್ಕತ್ತಾರೆ. ಅಲ್ಲಿಗೆ ಮುಗೀತು. ಸುಮ್ಕೆ ಕೂತ್ಕಳ್ರವ್ವ ಅಂತ ನಾನು ಮೆಲ್ಲುಗೇ ಯೋಳ್ತಿದ್ದೆ.”

ಅವಳು ಕಡಲುಗಳ್ಳರ ಆಟದ ವಿಷಯ ಬಿಡಿಸಿ ಹೇಳಿದಳು. ಲಕ್ಕಯ್ಯ ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿದ.

“ಕಳ್ಳ ಅನ್ನೋನು ಅಷ್ಟು ಜ್ವಾರಾಗಿ ಯಾಕವ್ವ ಮಾತಾಡ್ತಾನೆ? ಸಿಕ್ಕಾಕಳಾಕಾ?”

ಆ ಪ್ರಶ್ನೆ ಅವಳಿಗೂ ನ್ಯಾಯವಾಗಿಯೇ ಕಂಡಿತು.

ದನಿ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಗಂಟಲು ಕೆರೆಯುತ್ತಿದೆಯೆಂದು ಬಿಸಿನೀರಿಗೆ ಉಪ್ಪು ಹಾಕಿಕೊಂಡು ಮುಕ್ಕಳಿಸುತ್ತಿದ್ದಳು. ತಲೆ ಹಿಂದಕ್ಕೆ ಬಾಗಿಸಿದಾಗ ಗಂಟಲ ಆಳದಿಂದ ‘ಗರ್ರ್’ ಎಂದು ಉರುಳಿತು. ತಟ್ಟನೆ ನಿಂತಳು. ಉಗಿದು, ನೀರಿಲ್ಲದೆಯೇ ಇನ್ನೊಮ್ಮೆ ಉರುಳಿಸಿದಳು. ಬಂತು. ಹೊಟ್ಟೆಯಿಂದ ಎದ್ದು, ಕಲ್ಲಿನ ಮೇಲೆ ಡ್ರಮ್ಮು ಹೊರಳಿಸಿದ ಹಾಗೆ ಬಂತು. ಇಷ್ಟು ವರ್ಷ ಇದು ತನ್ನೊಳಗೆ ಎಲ್ಲಿತ್ತು ಎಂದು ಅವಳಿಗೇ ಬೆರಗಾಯಿತು.

ಪಾತ್ರೆ ಅಂಗಡಿಯಿಂದ ಊಟಕ್ಕೆ ಬಂದ ಗಂಡ ಚಂದ್ರಪ್ರಭ ಬಾಗಿಲಲ್ಲೇ ನಿಂತ. “ಯಾಕೆ, ಹುಷಾರಿಲ್ವಾ?”

“ಕೂತ್ಕೊಳಲಾ ನಾವಿಕ. ನಿನ್ನ ಹಡಗಿನ ಉಪ್ಪಿನಕಾಯೆಲ್ಲ ಇವತ್ತಿಂದ ನಂದು ಕಣ್ಲಾ.”

ಚಂದ್ರಪ್ರಭ ಕೂತ. ವಿಷಯವೆಲ್ಲ ಕೇಳಿದ ಮೇಲೆ ಅವನ ಅನುಮಾನ ಬೇರೆಯೇ ಇತ್ತು. “ಕಳ್ಳ ಅಂದ್ಮೇಲೆ ಕಡೀತೀನಿ, ಹೊಡೀತೀನಿ ಅನ್ಬೇಕಲ್ಲ. ನಮ್ಮನೇಲಿ ಹೆಂಗೆ?”

ಇಬ್ಬರೂ ಅದರ ಬಗ್ಗೆ ಗಂಭೀರವಾಗಿ ಚರ್ಚಿಸಿದರು. ಕೊನೆಗೆ, ತಮ್ಮ ಕಡಲುಗಳ್ಳ ಉಪ್ಪಿನಕಾಯಿ, ಕೋಡುಬಳೆ, ಕಾಯಿ ಹೋಳಿಗೆ ಮಾತ್ರ ದೋಚುವವನು ಎಂದಾಯಿತು. ಯಾರಾದರೂ ತಡೆದರೆ ಹಡಗಿನ ಕೋಣೆಯಲ್ಲಿ ಕೂರಿಸಿ ಇಡೀ ದಿನ ಬುದ್ಧಿಮಾತು ಹೇಳುತ್ತಾನೆ. “ಹೊತ್ತು ಮುಳುಗೋಕೆ ಮುಂಚೆ ಊಟ ಮುಗಿಸ್ಬೇಕಲ್ಲ,” ಎಂದ ಚಂದ್ರಪ್ರಭ. “ದೋಚೋದೆಲ್ಲ ಸಾಯಂಕಾಲದೊಳಗೇ ಆಗ್ಬೇಕು.”

ಶುಕ್ರವಾರ ಬೆಳಿಗ್ಗೆಯಿಂದಲೇ ಅದೇ ಮಾತು. ಹಾಲಿನವನು ಒಂದು ಹೆಜ್ಜೆ ಹಿಂದೆ ಸರಿದ. ಮಧ್ಯಾಹ್ನ ಅವಳು ಹಾಸನದ ಬಸ್ ಹತ್ತಿದಳು. ಕಂಡಕ್ಟರ್ ಸಿದ್ದೇಶ್ವರ ಬಂದು, “ಆಧಾರ್ ತೋರ್ಸಿ ಅಮ್ಮ,” ಎಂದ.

ಇಲ್ಲಿ ಸಾದಾ ಮಾತಾಡಿದರೆ ಮೊಮ್ಮಗಳಿಗೇನೂ ತಿಳಿಯುತ್ತಿರಲಿಲ್ಲ. ಆದರೂ ಬಾಯಿ ಒಪ್ಪಲಿಲ್ಲ.

“ಆರ್ರ್, ಕಡಲುಗಳ್ಳರಿಗೆ ಆಧಾರ್ ಕೇಳ್ತೀಯೇನ್ಲಾ?” ಎಂದು ಗುಡುಗಿ ಚೀಲದಿಂದ ಕಾರ್ಡ್ ತೆಗೆದಳು. “ಹಿಡ್ಕೊ. ಹಾಸನದ ಬಂದರಿಗೆ ಒಂದು.”

ಕಿಟಕಿ ಪಕ್ಕದ ಹುಡುಗಿ ಇಯರ್‌ಫೋನ್ ಕಿತ್ತಳು. ಸಿದ್ದೇಶ್ವರ ಕಾರ್ಡಿನ ಫೋಟೋ ನೋಡಿದ, ಮುಖ ನೋಡಿದ. ರಾಜೀಮತಿಯ ಕಿವಿ ಬಿಸಿಯಾಯಿತು, ಆದರೂ ಅವಳು ಕಣ್ಣು ತಗ್ಗಿಸಲಿಲ್ಲ.

“ಮೊಮ್ಮಕ್ಳ ಜೊತೆ ಆಟ ಏನ್ರಮ್ಮ?” ಅವನು ತಗ್ಗಿದ ದನಿಯಲ್ಲಿ ಕೇಳಿದ.

ಅವಳು ಗಂಭೀರವಾಗಿ ತಲೆಯಾಡಿಸಿದಳು. ಅವನು ಟಿಕೆಟ್ ಹರಿದು ಕೊಟ್ಟು ಏನೂ ಆಗದವನಂತೆ ಮುಂದೆ ಹೋದ. ಬಸ್ಸು ಶಾಂತಿಗ್ರಾಮ ಮುಟ್ಟಿದಾಗ ಬಾಗಿಲಲ್ಲಿ ನಿಂತು, “ಸಾಂತಿಗ್ರಾಮದ ಬಂದ್ರು ಬಂತು, ಬಂದ್ರು. ಇಳ್ಕಳಿ, ಅಡಗು ನಿಲ್ಲಾಕಿಲ್ಲ,” ಎಂದು ಕೂಗಿದ. ಇಳಿಯುತ್ತಿದ್ದ ಮುದುಕನೊಬ್ಬ, “ಇವ್ನಿಗೇನಾಯ್ತಲಾ,” ಎಂದು ತಿರುತಿರುಗಿ ನೋಡುತ್ತ ಹೋದ. ಹಿಂದಿನ ಸೀಟಿನ ಹೆಂಗಸರು ನಕ್ಕು ನಕ್ಕು ಸೆರಗು ಬಾಯಿಗಿಟ್ಟುಕೊಂಡರು.

ಹಾಸನದಲ್ಲಿ ಮಗಳು ಸಮತಾ ಬಾಗಿಲು ತೆಗೆದಳು. ಪ್ರೇಕ್ಷಾ ಸೋಫಾದ ಮೂಲೆಯಲ್ಲಿ ಯೂನಿಫಾರ್ಮ್ ಕೂಡ ಬಿಚ್ಚದೆ ಮುದುಡಿ ಕೂತಿದ್ದಳು.

“ಯಾವಳಲಾ ಅಲ್ಲಿ, ನನ್ನ ಹಡಗಿನಲ್ಲಿ ಮಲಗಿರೋದು?”

“ಬೇಡ ಅಜ್ಜಿ. ನಾನು ಆಟ ಬಿಟ್ಟೆ.” ಹಾಜರಿ ಕರೆಯುವಾಗ ‘ಆರ್ರ್, ಇವ್ನಿ ಕಣ್ಲಾ’ ಎಂದಿದ್ದಳಂತೆ. ಕ್ಲಾಸೆಲ್ಲ ನಕ್ಕಿತು. ಮಿಸ್ಸು ಎಬ್ಬಿಸಿ ನಿಲ್ಲಿಸಿ ಮತ್ತೆ ಸರಿಯಾಗಿ ಹೇಳಿಸಿದರು.

ರಾಜೀಮತಿ ಪಕ್ಕದಲ್ಲಿ ಕೂತಳು. ಈಗ ಆಟ ನಿಲ್ಲಿಸಿ ಮಗುವನ್ನು ಸಮಾಧಾನ ಮಾಡುವುದು ಅಜ್ಜಿಯಾದವಳ ಕೆಲಸ. ಹಳೆಯ ಮೆತ್ತನೆಯ ದನಿ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬಿಡಲು ಮನಸ್ಸಾಗಲಿಲ್ಲ.

“ಮಿಸ್ಸಿಗೇ ಕಣ್ಲಾ ಅಂದ್ರೆ ಅವ್ರು ಬೇಜಾರ್ ಮಾಡ್ಕೊಳದೆ ಇರ್ತಾರೇನ್ಲಾ?” ಎಂದಳು ಗಂಟಲು ಉರುಳಿಸುತ್ತ. “ಅದು ಬೇರೆ ಹಡಗು. ಅಲ್ಲಿ ಅವರೇ ಕ್ಯಾಪ್ಟನ್ನು. ನಗೋರು ನಗ್ಲಿ. ನಾನೊಂದು ಬಸ್ಸನ್ನೇ ನಗಿಸಿ ಬಂದಿವ್ನಿ.”

ಪ್ರೇಕ್ಷಾ ನೆಟ್ಟಗೆ ಕೂತಳು. “ಬಸ್ಸಲ್ಲೂ ಹಿಂಗೇ ಮಾತಾಡಿದ್ಯಾ? ನಿಜವಾಗ್ಲೂ?” ಕಣ್ಣಿನಲ್ಲಿ ನೀರಿತ್ತು, ಆದರೆ ಕುತೂಹಲ ಅದಕ್ಕಿಂತ ಮುಂದಿತ್ತು. ಅಜ್ಜಿಯ ಗಂಟಲಿನ ಮೇಲೆ ಎರಡು ಬೆರಳಿಟ್ಟಳು. “ಇನ್ನೊಂದ್ ಸಲ ಮಾಡು.”

ರಾಜೀಮತಿ ಮಾಡಿದಳು. ಹುಡುಗಿಯ ಬೆರಳಡಿಯಲ್ಲಿ ಗಂಟಲು ಅದುರಿತು. ಅವಳು ತನ್ನ ಗಂಟಲು ಮುಟ್ಟಿಕೊಂಡು ತಾನೂ ಪ್ರಯತ್ನಿಸಿದಳು, ಕೆಮ್ಮು ಬಂತು. ಅಡುಗೆಮನೆಯಿಂದ ಬಂದು ನೋಡುತ್ತಿದ್ದ ಸಮತಾ ಯಾರೂ ಕೇಳದೆಯೇ, ಸೌಟು ಕೈಯಲ್ಲಿ ಹಿಡಿದು, ತಾನೂ ಒಮ್ಮೆ ಗುರುಗುಟ್ಟಿದಳು. ಮೂವರಲ್ಲಿ ಅವಳದೇ ಜೋರಾಗಿತ್ತು.

“ಗೆದ್ದಿದ್ದು ನೀನು ಅಜ್ಜಿ,” ಎಂದಳು ಪ್ರೇಕ್ಷಾ. “ಏನು ಬೇಕು ಕೇಳು.”

ಅದನ್ನು ರಾಜೀಮತಿ ಯೋಚಿಸಿಯೇ ಇರಲಿಲ್ಲ. ಎಷ್ಟೋ ಊರಿಗೆ ಲೈನು ಜೋಡಿಸಿದವಳು, ಮಂಗಳೂರಿಗೂ ಕಾರವಾರಕ್ಕೂ ಜೋಡಿಸಿದವಳು. ಸಮುದ್ರವನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ.

“ಕಡಲು ತೋರ್ಸ್ರಲಾ,” ಎಂದಳು. “ಅಲ್ಲಿಯೋರು ನಿಜವಾಗಿ ಹೆಂಗೆ ಮಾತಾಡ್ತಾರೆ ಕೇಳ್ಬೇಕು.”

ಸಮತಾ ಸೌಟು ಕೆಳಗಿಟ್ಟು, ಮಂಗಳೂರಿನ ರೈಲು ಹಾಸನಕ್ಕೆ ಎಷ್ಟು ಹೊತ್ತಿಗೆ ಬರುತ್ತದೆಂದು ಮೊಬೈಲಿನಲ್ಲಿ ನೋಡತೊಡಗಿದಳು.