ಮುಕ್ತಾಬಾಯಿಯ ಹಿಮ್ಮಡಿ

ಮುಕ್ತಾಬಾಯಿ ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಕುತ್ತಿರಲಿಲ್ಲ. ಅರವತ್ತರ ಹತ್ತಿರದ ಆ ತುಂಬು ಮೈಯ ಹೆಂಗಸು, ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲ್ಲು ಬಿಗಿದು, ಮಲಗಿದ ಕೂಸನ್ನು ಎಬ್ಬಿಸಬಾರದೆಂಬಂತೆ ತುದಿಗಾಲಿನಲ್ಲಿ ಹುಮನಾಬಾದಿನ ಧಾನ್ಯದ ಮಾರುಕಟ್ಟೆಗೆ, ನಮ್ಮ ಮಾತಿನ ಗಂಜಿಗೆ, ಬರುವುದನ್ನು ಕಂಡು ಹೊಸಬರು ಮುಸಿಮುಸಿ ನಗುತ್ತಿದ್ದರು. ನಕ್ಕವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಕಾಲಿಗೇನಾಯಿತೆಂದು ಕೇಳಿದವರಿಗೆಲ್ಲ "ಇರ್ಲಿ ಬಿಡ್ರಿ" ಎಂಬುದೊಂದೇ ಉತ್ತರ. ಗಂಡ ಸತ್ತಾಗಲೂ, ಘಾಟಬೋರಾಳದ ಮನೆಯ ಗೋಡೆ ಮಳೆಗೆ ಕುಸಿದು ಮಗ ಸ್ವಪ್ನಿಲನ ಜೊತೆ ನಮ್ಮ ಓಣಿಗೆ ಬಂದು ನೆಲೆಸಿದಾಗಲೂ ಆ ಬಾಯಿಂದ ಬಂದದ್ದು ಇದೇ ಮಾತು.

ಗಂಜಿನಲ್ಲಿ ದಲ್ಲಾಳಿ ಸೇಠರೊಬ್ಬರ ಅಡತಿ ಅಂಗಡಿಯ ಮುಂದೆ, ಸಿಮೆಂಟು ಕಟ್ಟೆಯ ಮೇಲೆ, ಬೆಳಗಿನಿಂದ ಹೊತ್ತು ಇಳಿಯುವವರೆಗೆ ನಿಂತು ತೊಗರಿ ಸಾಣಿಸುವುದು ಅವಳ ಕೆಲಸ. ಅದೂ ಬರಿಗಾಲಿನಲ್ಲಿ. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಸೇಠರು ಬೂಟು ತೊಟ್ಟೇ ರಾಶಿಯ ಸುತ್ತ ಓಡಾಡುತ್ತಾರೆ. ಆದರೆ ಮುಕ್ತಾಬಾಯಿಯ ಓರಗೆಯ ಹೆಂಗಸರು ಚಪ್ಪಲಿಯನ್ನು ಕೆಳಗೇ ಬಿಟ್ಟು, ರಾಶಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು ಕಟ್ಟೆ ಹತ್ತುವವರು.

ಬಸವಕಲ್ಯಾಣ ಅವಳ ತವರು. ತಮ್ಮನ ಮೊಮ್ಮಗಳ ತೊಟ್ಟಿಲು ಕಾರ್ಯಕ್ಕೆ ಹೋದಾಗ ಸೊಸೆ ಪೂನಂ ಪಟ್ಟು ಹಿಡಿದು ಅಲ್ಲಿನ ಡಾಕ್ಟರ್ ರಾಬಿಯಾ ಅವರಲ್ಲಿಗೆ ಕರೆದೊಯ್ದಳು. ತಾಯಿಯಿಲ್ಲದ ಪೂನಂ ಮದುವೆಯಾಗಿ ಬಂದಂದಿನಿಂದ ಅತ್ತೆಯ ಬೆನ್ನು ಬಿಟ್ಟವಳಲ್ಲ. ರಾಬಿಯಾ ಹಿಮ್ಮಡಿಯನ್ನು ಒತ್ತಿ ನೋಡಿ ಅವಸರವಿಲ್ಲದೆ ತಿಳಿಹೇಳಿದರು: ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಡಿ ದಪ್ಪನೆಯ ಒಂದು ಪಟ್ಟಿಯಿದೆ, ದಿನವಿಡೀ ಗಟ್ಟಿ ನೆಲದ ಮೇಲೆ ನಿಂತು ಅದರ ಬುಡ ನೊಂದಿದೆ, ರಾತ್ರಿ ಬಿಗಿದುಕೊಂಡದ್ದು ಬೆಳಗಿನ ಮೊದಲ ಹೆಜ್ಜೆಗೆ ಜಗ್ಗಿ ಜೀವ ಹಿಂಡುತ್ತದೆ. ಮೆತ್ತನೆಯ ಚಪ್ಪಲಿ ಬಿಡದೆ ಹಾಕಬೇಕು, ಹಾಸಿಗೆಯಿಂದ ಇಳಿಯುವ ಮುನ್ನ ಟವೆಲ್ಲಿನಿಂದ ಪಾದವನ್ನು ಮೈಯ ಕಡೆಗೆ ಎಳೆದು ಹಿಡಿಯಬೇಕು, ಸಂಜೆ ತಣ್ಣೀರಿನ ಬಾಟಲಿಯನ್ನು ಅಂಗಾಲಿನಡಿ ಹೊರಳಿಸಬೇಕು. ತಿಂಗಳುಗಟ್ಟಲೆ ಹಿಡಿದರೂ ಇದು ವಾಸಿಯಾಗುವ ನೋವು. ಆದರೆ ಬೆರಳುಗಳಿಗೆ ಆಗಾಗ ಜೋಮು ಹಿಡಿಯುತ್ತದೆಂದು ಪೂನಂ ಹೇಳಿದಾಗ ಅವರ ಮುಖ ಬದಲಾಯಿತು. ನಾಳೆ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಪರೀಕ್ಷೆ ಮಾಡಿಸಲೇಬೇಕು, ಸಕ್ಕರೆ ಕಾಯಿಲೆಯಿದ್ದರೆ ಕಾಲಿನ ಆರೈಕೆಯ ರೀತಿಯೇ ಬೇರೆ ಎಂದರು.

ಮರುದಿನ ಬೆಳಿಗ್ಗೆ ಮುಕ್ತಾಬಾಯಿ ಹುಮನಾಬಾದಿನ ಬಸ್ಸಿನಲ್ಲಿದ್ದಳು. ಗಂಜಿಗೆ ಹೊಸ ತೊಗರಿ ಬರುವ ಕಾಲ. ನೋವಿರುವುದು ಹಿಮ್ಮಡಿಗೆ, ರಕ್ತಕ್ಕೇನಾಗಿದೆ ಎಂಬುದು ಅವಳ ವಾದ. ಕೊಂಡು ತಂದ ಮೆತ್ತನೆಯ ಚಪ್ಪಲಿ ಕಟ್ಟೆಯ ಕೆಳಗೆ ಬಿಸಿಲು ಕಾಯುತ್ತ ಕುಳಿತಿತು. ಪೂನಂ ರೇಗಿದಾಗ ಮುದುಕಿ ತಣ್ಣಗೆ ಹೇಳಿದಳು: "ಅನ್ನದ ಮ್ಯಾಲ ಚಪ್ಪಲ ಹಾಕ್ಕೊಂಡು ಹ್ಯಾಂಗ ನಿಂದರ್ಲಿ? ನನ್ನ ಕೈಲೆ ಆಗಂಗಿಲ್ಲ."

ಅವಳ ನಂಬಿಕೆಯೆಲ್ಲ ಎಕ್ಕೆ ಎಲೆಯ ಮೇಲೆ. ಈ ಸೀಮೆಯಲ್ಲಿ ಹಿಮ್ಮಡಿ ನೋವಿಗೆ ಮಾಡುವ ಮದ್ದು ಅದೇ: ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಮೇಲೆ ಎಕ್ಕೆಯ ಎಲೆ ಹಾಸಿ, ಹಿಮ್ಮಡಿಯನ್ನು ಊರಿ ಒತ್ತುವುದು. ತಾಳುವಷ್ಟು ಹೊತ್ತು ತಾಳಿ ಕಾಲು ತೆಗೆಯಬೇಕು. ಎಷ್ಟು ಬಿಸಿ ಸಾಕೆಂಬುದನ್ನು ಕಾಲೇ ಹೇಳಬೇಕು. ದಿನಾ ಸಂಜೆ ಪೂನಂ ಇಟ್ಟಿಗೆ ಕಾಯಿಸುವಳು, ಅತ್ತೆ ಕಾಲೂರುವಳು, ಇಬ್ಬರೂ ಗಂಜಿನ ಸುದ್ದಿ ಮಾತಾಡುವರು. ಚಳಿಗಾಲ ಮುಗಿಯುವ ಹೊತ್ತಿಗೆ ನೋವು ತಾನಾಗಿ ಇಳಿಯುತ್ತ ಬಂತು. ಮುಕ್ತಾಬಾಯಿ ಹಿಮ್ಮಡಿ ಊರಿ ನಡೆದಳು. ಓಣಿಯವರೆಲ್ಲ ಎಕ್ಕೆ ಎಲೆಯನ್ನು ಕೊಂಡಾಡಿದೆವು. ಅಂಗಾಲು ನೋವನ್ನಷ್ಟೇ ಅಲ್ಲ, ನೆಲವನ್ನೂ ಮರೆಯುತ್ತಿದೆಯೆಂದು ಯಾರಿಗೆ ಹೊಳೆದೀತು?

ಉಳಿದ ಜೋಮನ್ನೂ ಇಟ್ಟಿಗೆಯೇ ಎಳೆದುಹಾಕಲೆಂದು ಅವಳು ಮದ್ದು ನಿಲ್ಲಿಸಲಿಲ್ಲ. ಒಂದು ಸಂಜೆ, "ಬಿಸಿನ ಹತ್ತವಲ್ದು, ಇನ್ನ ಕಾಯ್ಸು," ಎಂದಳು. ಪೂನಂ ಕಾಯಿಸಿದಳು. ಸಾಲದೆಂದಳು, ಮತ್ತೆ ಕಾಯಿಸಿದಳು. ಬೆರಳು ತಾಗಿಸಿ ಚಟ್ಟನೆ ಹಿಂದೆಗೆದ ಸೊಸೆಗೆ, ನಿನ್ನ ಕೈ ಬಲು ಮೆತ್ತಗೆ ಎಂದು ನಕ್ಕು, ಮುಕ್ತಾಬಾಯಿ ಪೂರಾ ಭಾರ ಹಾಕಿ ನಿಂತು ಮಾತು ಮುಂದುವರಿಸಿದಳು. ಎಲೆ ಚುರುಗುಟ್ಟಿತು. ಎದ್ದ ವಾಸನೆ ಎಲೆಯದೆಂದೇ ಇಬ್ಬರೂ ತಿಳಿದರು. ಕಾಲೆತ್ತಿದಾಗ ಎಲೆಯ ಜೊತೆ ಚರ್ಮವೂ ಇಟ್ಟಿಗೆಗೆ ಅಂಟಿತ್ತು.

ಆಗಲೂ ಅವಳು ಅಳಲಿಲ್ಲ, ಅಳುವಂಥ ನೋವೇ ಇರಲಿಲ್ಲವಲ್ಲ. ಪೂನಂ ಅತ್ತು ಕರೆದರೂ ಕೇಳದೆ, ಮಗನಿಗೆ ಹೇಳಗೊಡದೆ, ಬಟ್ಟೆ ಸುತ್ತಿಕೊಂಡು ಗಂಜಿಗೆ ಹೋದಳು. ಗಾಯ ಕಪ್ಪಾಯಿತು, ಜ್ವರ ಬಂತು, ಜಿಲ್ಲೆಯ ದೊಡ್ಡ ದವಾಖಾನೆಯಲ್ಲಿ ಸಕ್ಕರೆ ಕಾಯಿಲೆಯ ಮಾತು ಹೊರಬಿದ್ದ ದಿನವೇ ಪಾದ ತೆಗೆಯಬೇಕೆಂಬ ಮಾತೂ ಬಂತು. ಕಾರ್ಖಾನೆಯ ಪಾಳಿಯಿಂದ ನೇರ ಓಡಿಬಂದ ಸ್ವಪ್ನಿಲ ಮುಂಗೋಪಿ; ಇದನ್ನು ಮಾಡಿದವರು ಯಾರೆಂದು ಕೇಳಿದ. ಪೂನಂ ಬಾಯಿ ತೆರೆಯುವಷ್ಟರಲ್ಲಿ ಹೊದಿಕೆಯ ಮರೆಯಿಂದ ಅತ್ತೆಯ ಕೈ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಒಲಿ ಮುಂದ ಕೆಂಡ ಬಿದ್ದಿತ್ತು," ಎಂದಳು ಮುಕ್ತಾಬಾಯಿ. "ನಾನ ತುಳದೆ."

ಪಾದ ಹೋಯಿತು. ಈಗ ಅವಳು ಹಗಲೆಲ್ಲ ಬಾಗಿಲ ಬಳಿಯ ಮಂಚದ ಮೇಲೆ ಕೂತಿರುತ್ತಾಳೆ. ಬಂದವರಿಗೆಲ್ಲ ಕೆಂಡದ ಕಥೆಯನ್ನು ಬೇಸರವಿಲ್ಲದೆ ಹೇಳುತ್ತಾಳೆ. ಪಟ್ಟಿ ಕಟ್ಟುವಾಗೊಮ್ಮೆ ಪೂನಂ ತಡೆಯಲಾರದೆ, "ಇಟ್ಟಂಗಿ ನಾನ ಕಾಯ್ಸೀನಿ ಅಂತ ಅವರಿಗಿ ಹೇಳ್ತೀನ್ರಿ ಅತ್ತಿ," ಎಂದಳಂತೆ. "ಹೇಳಿದ್ರ ಕಾಲು ಬರ್ತದೇನು? ಸುಮ್ಮನಿರು," ಎಂದು ಮುದುಕಿ ಅವಳ ತಲೆ ಸವರಿದಳಂತೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತ ನಮ್ಮ ಮನೆಯವಳ ಮುಂದೆ ಇದನ್ನು ಹೇಳಿಕೊಂಡ ಪೂನಂ, ಅತ್ತೆ ಒಂದು ಸಲ ಬೈದಿದ್ದರೆ ತಾನು ಉಣ್ಣಬಲ್ಲವಳಾಗುತ್ತಿದ್ದೆ ಎಂದು ಅತ್ತಳು.

ಮುಕ್ತಾಬಾಯಿಯಂಥವರು ನಮ್ಮ ಓಣಿಗಳಲ್ಲಿ ಮನೆಗೊಬ್ಬರಿದ್ದಾರೆ. ಸಹಿಸುವುದನ್ನೇ ಸದ್ಗುಣವೆಂದು ಕಲಿತು, ಮೈ ಕೂಗಿ ಹೇಳಿದರೂ ಅದರ ಬಾಯಿ ಮುಚ್ಚಿಸಿ ದುಡಿಯುತ್ತಾರೆ. ಅವರ ದುಡಿಮೆಯ ಅನ್ನ ಉಂಡ ನಾವು ಎಂಥ ತಾಳ್ಮೆಯೆಂದು ಹೊಗಳಿ ಅವರನ್ನು ಇನ್ನಷ್ಟು ಮೂಕರನ್ನಾಗಿಸುತ್ತೇವೆ. ಅವರ ಕರುಣೆ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ತಮ್ಮ ನೋವಿನ ಜೊತೆಗೆ ಇನ್ನೊಬ್ಬರ ತಪ್ಪನ್ನೂ ತಾವೇ ಹೊತ್ತು ಕೂತಾಗ, ತಪ್ಪಾಯಿತು ಎನ್ನಲು ಬಂದವರು ಆ ಮಾತನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಬಾಳೆಲ್ಲ ಹೊತ್ತು ತಿರುಗಬೇಕಾಗುತ್ತದೆ.