ನೊಂದ ಗಂಡ, ಹೊಸನಗರ

"ಈ ವಾರದ್ದು ಬಂದೇ ಇಲ್ಲ ಮಾರಾಯ್ತಿ," ಎಂದು ಶೇಷಮ್ಮ ಹೇಳುತ್ತಿರುವಾಗಲೇ ಅವಳ ಸೆರಗಿನಡಿಯಿಂದ ಪತ್ರಿಕೆಯ ಮೂಲೆ ಇಣುಕುತ್ತಿತ್ತು. ವಾರಿಜಾಕ್ಷಿ ಕೈಹಾಕಿ ಎಳೆದೇಬಿಟ್ಟಳು.

ಕೋಣಂದೂರಿನ ಆ ಬೀದಿಯ ಐದು ಮನೆಯವರು ಸೇರಿ ತರಿಸುತ್ತಿದ್ದ ವಾರಪತ್ರಿಕೆ ಅದು. ಒಂದು ಮನೆಯಲ್ಲಿ ಒಂದು ದಿನ. ಓದಿ ಪಕ್ಕದ ಮನೆಗೆ ದಾಟಿಸಬೇಕು. ವಾರಿಜಾಕ್ಷಿಯ ತವರುಮನೆ ಮೂರನೆಯದು, ಶೇಷಮ್ಮನದು ನಾಲ್ಕನೆಯದು. ಮೂರನ್ನು ಹಾರಿ ನಾಲ್ಕಕ್ಕೆ ಹೇಗೆ ಬಂತು?

"ನಿನ್ನ ಅಪ್ಪಯ್ಯನೇ ಹೇಳಿದ್ದು ಕಣೆ, ಅವಳಿಗೆ ತೋರಿಸ್ಬೇಡಿ ಅಂತ." ಶೇಷಮ್ಮ ಅಳುವ ಹಾಗಾದಳು. "ಡಾಕ್ಟರ ಪುಟ ಮಾತ್ರ ಓದ್ಬೇಡ. ನನ್ನಾಣೆ."

ಓದಬೇಡ ಅಂದರೆ ಬಿಡುವವಳೇ? ನಿಂತಲ್ಲೇ ಓದಿದಳು.

"ಪ್ರಶ್ನೆ: ಬಾಣಂತಿ ಸನ್ನಿ ಹಿಡಿದು ಆಸ್ಪತ್ರೆಯಲ್ಲಿದ್ದ ನನ್ನ ಹೆಂಡತಿ ಈಗ ತವರಿನಲ್ಲಿದ್ದಾಳೆ. ಎಂಟು ತಿಂಗಳ ಹೆಣ್ಣು ಮಗುವನ್ನು ಅವಳ ಬಳಿ ಬಿಡಬಹುದೇ? – ನೊಂದ ಗಂಡ, ಹೊಸನಗರ.

"ಉತ್ತರ: ಕೂಡದು. ಹುಚ್ಚು ರಕ್ತದ ದೋಷ. ಶಮನವಾದಂತೆ ಕಂಡರೂ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮರುಕಳಿಸುವುದು. ಅಂಥವಳ ಉಸಿರು ತಗುಲಿದರೂ ಶಿಶುವಿನ ಬುದ್ಧಿ ಮಂಕಾಗುವುದು. ಬೇರೆ ವಿವಾಹದ ಬಗ್ಗೆ ಹಿರಿಯರೊಡನೆ ಆಲೋಚಿಸಿರಿ."

ಉಸಿರಂತೆ! ಹುಣ್ಣಿಮೆಯಂತೆ!

ಹೆರಿಗೆಯಾದ ಹನ್ನೊಂದನೇ ದಿನ ಅವಳಿಗೆ ಬುದ್ಧಿ ತಪ್ಪಿದ್ದು ನಿಜ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು, ವಾಸಿಯಾಗಿ ಬಂದು ನಾಲ್ಕು ತಿಂಗಳು ಕಳೆದಿತ್ತು. ಅಲ್ಲಿನ ಡಾಕ್ಟರು ಇಂಗ್ಲಿಷಿನಲ್ಲಿ ಕಾಗದ ಬರೆದುಕೊಟ್ಟು, ಒಂದೊಂದು ಸಾಲನ್ನೂ ಅವಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದರು. ಗಂಡ ಜಿನರಾಜ ಅದನ್ನು ಹಿಂದೆ ಮುಂದೆ ತಿರುಗಿಸಿ, "ಕೈಬರಹ. ಯಾರು ಬೇಕಾದ್ರೂ ಗೀಚ್ತಾರೆ" ಎಂದಿದ್ದ. ಅಪ್ಪ ಗೋಗರೆದ ಮೇಲೆ, ಅಕ್ಷಯ ತದಿಗೆಗೆ ಮಗುವನ್ನು ತಂದುಬಿಡುತ್ತೇನೆ ಅಂದ. ತದಿಗೆ ಬಂತು, ಹೋಯಿತು. ಮಗು ಹೊಸನಗರದಲ್ಲಿ ಅತ್ತೆ ಶಾಂತಮ್ಮನ ಸೊಂಟದ ಮೇಲೇ ಉಳಿಯಿತು. ಯಾಕೆಂದು ಈಗ ತಿಳಿಯಿತಲ್ಲ!

"ಸಿಟ್ಟು ಮಾಡ್ಬೇಡ ಮಗಾ," ಅವಳು ಮನೆಗೆ ಬರುತ್ತಲೇ ಅಂದ ಅಪ್ಪ. "ನೀನು ಜೋರಾಗಿ ಮಾತಾಡಿದ್ರೂ ಮತ್ತೆ ಬಂತು ಅಂತಾರೆ ಜನ."

ಅದೇ ಅವಳ ಸಂಕಟವಾಗಿತ್ತು. ಊರಲ್ಲಿ ಎಲ್ಲರೂ ಸಿಟ್ಟಾಗಬಹುದು, ಪಾತ್ರೆ ಎಸೆಯಬಹುದು, ಅವಳೊಬ್ಬಳು ಕೂಡದು. ನಾಲ್ಕು ತಿಂಗಳಿಂದ ಅವಳು ಬಾಗಿಲನ್ನು ಸಹ ಸದ್ದಾಗದಂತೆ ಹಾಕುತ್ತಿದ್ದಳು. ಮರುದಿನ ಬೆಳಿಗ್ಗೆ ಅದೇ ಬಾಗಿಲನ್ನು ದಡಾರನೆ ಎಳೆದುಕೊಂಡು, ಪತ್ರಿಕೆಯನ್ನೂ ಬೆಂಗಳೂರಿನ ಡಾಕ್ಟರ ಕಾಗದವನ್ನೂ ಹಿಡಿದು ತೀರ್ಥಹಳ್ಳಿಯ ಬಸ್ಸು ಹತ್ತಿದಳು.

ಪತ್ರಿಕೆಯ ಪ್ರೆಸ್ಸು ಪೇಟೆಯ ಒಂದು ಸಂದಿಯಲ್ಲಿತ್ತು. ಮಾಲೀಕನೂ ಸಂಪಾದಕನೂ ಆದ ಚಂದ್ರಯ್ಯ ಕೈಗೆ ಮೆತ್ತಿದ ಮಸಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ.

"ಡಾಕ್ಟ್ರು ಎಲ್ಲಿದಾರೆ?" ಎಂದಳು ವಾರಿಜಾಕ್ಷಿ, ಆ ಪುಟವನ್ನು ಅವನ ಮುಂದೆ ಹಿಡಿದು.

"ಎಂತ ಕೇಳೋದಿದ್ರೂ ಕಾರ್ಡು ಬರ್ದು ಹಾಕಿ ತಾಯೀ, ಉತ್ತರ ಬರ್ತದೆ."

"ನಂಗೆ ಮನುಷ್ಯನ್ನೇ ನೋಡ್ಬೇಕು."

ಚಂದ್ರಯ್ಯ ಹಿಂದೆ ಮುಂದೆ ನೋಡಿದ. ಸುಳ್ಳು ಹೇಳಿ ಅಭ್ಯಾಸವಿದ್ದರೂ ಮುಖ ನೋಡಿ ಹೇಳುವ ಅಭ್ಯಾಸ ಅವನಿಗಿರಲಿಲ್ಲ. "ಅವ್ರು ತೀರ್ಕೊಂಡು ಎರಡು ವರ್ಷ ಆಯ್ತು," ಎಂದ ಮೆತ್ತಗೆ. "ದನದ ಡಾಕ್ಟರಾಗಿ ರಿಟೈರಾದೋರು, ಪಾಪ, ಒಳ್ಳೆಯವ್ರು. ಆ ಪುಟ ನಿಲ್ಸಿದ್ರೆ ಓದೋರು ಬಿಡಲ್ಲ. ಎಲೆಕ್ಷನ್ ಮುಗಿದ ಮೇಲೆ ಸುದ್ದೀನೂ ಇಲ್ಲ. ಜಾಗ ತುಂಬ್ಬೇಕಲ್ಲ, ನಾನೇ ಬರೀತೀನಿ."

"ಉಸಿರು ತಗುಲಿದ್ರೆ ಮಂಕು ಅಂತ ಯಾರು ಹೇಳಿದ್ದು ನಿಮಗೆ?"

"ಜನ ಹಂಗಂತಾರಲ್ಲ..."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ಮೂರು ಗೇಣು ಜಾಗ ತುಂಬಲು ಈ ಮಹಾರಾಯ ಅವಳ ಮಗಳನ್ನು ಕಿತ್ತುಕೊಂಡು ಗಂಡನಿಗೆ ಎರಡನೇ ಮದುವೆಯನ್ನೂ ಗೊತ್ತುಮಾಡಿದ್ದ! ವಾರಿಜಾಕ್ಷಿ ಬೆಂಗಳೂರಿನ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು.

"ತಪ್ಪಾಯ್ತು ಅಂತ ಹಾಕಿ. ಇದರಲ್ಲಿರೋದನ್ನ ನನ್ನ ಹೆಸರಲ್ಲೇ ಹಾಕಿ."

"ತಪ್ಪಾಯ್ತು ಅಂದ್ರೆ ಪತ್ರಿಕೆ ಮಾನ ಹೋಗ್ತದೆ ತಾಯೀ. ನಿಮ್ಮ ಹೆಸರಲ್ಲಿ ಹಾಕಿದ್ರೆ ಯಾರು ನಂಬ್ತಾರೆ, ನೀವೇ ಹೇಳಿ?"

ಅದೂ ಸತ್ಯವೇ ಆಗಿತ್ತು. ಸತ್ಯವಾದ್ದರಿಂದಲೇ ಅವಳಿಗೆ ಇನ್ನಷ್ಟು ಉರಿಯಿತು.

"ಸರಿ. ಡಾಕ್ಟರ ಹೆಸರಲ್ಲೇ ಹಾಕಿ. ಈ ವಾರವೇ."

"ಅದು ಹೆಂಗಾಗ್ತದೆ..."

"ಆಗ್ತದೆ. ಇಲ್ಲಾಂದ್ರೆ ಈಗಲೇ ಪೇಟೆ ನಡುವೆ ನಿಂತು, ಚಂದ್ರಯ್ಯನ ಡಾಕ್ಟ್ರು ಸತ್ತು ಎರಡು ವರ್ಷ ಆಯ್ತು ಅಂತ ಕೂಗ್ತೀನಿ. ನಂಗೆ ಹುಚ್ಚಿ ಅಂತ ಹೆಸರಾಗಿದೆ. ಹೋಗೋ ಮಾನ ಇರೋದು ನಿಮಗೆ."

ಚಂದ್ರಯ್ಯ ಪೆನ್ನು ತೆಗೆದ. ಅವಳು ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ಸಾಲು ಸಾಲಾಗಿ ಹೇಳಿದಳು, ಅವನು ಬರೆದುಕೊಂಡ. ಬರೆಯುತ್ತ ಬರೆಯುತ್ತ ಒಮ್ಮೆ ತಲೆಯೆತ್ತಿ, "ಹೌದಾ? ಇದು ವಾಸಿ ಆಗ್ತದಾ?" ಎಂದು ನಿಜವಾಗಿಯೂ ಕೇಳಿದ. ಅವಳು ಮುಂದಿನ ಸಾಲು ಹೇಳಿದಳು.

ಪತ್ರಿಕೆ ಹೊರಬಿದ್ದ ನಾಲ್ಕನೇ ದಿನ ಜಿನರಾಜ ಕೋಣಂದೂರಿಗೆ ಬಂದ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಪತ್ರಿಕೆ. ಅಂಗಳಕ್ಕೆ ದನ ನುಗ್ಗದಂತೆ ಅಡ್ಡ ಹಾಕಿದ ದಣಪೆಯ ಗಳಗಳಲ್ಲಿ ಮೇಲಿನ ಎರಡನ್ನು ಸರಿಸಿದವನು, ಒಳಗೆ ಕಾಲಿಡದೆ ಅಲ್ಲೇ ನಿಂತು ಓದತೊಡಗಿದ.

"'ಹಿಂದಿನ ಉತ್ತರವನ್ನು ಲೆಕ್ಕಿಸಬೇಡಿರಿ. ಇದು ಜ್ವರದಂತೆ ಬಂದು ವಾಸಿಯಾಗುವ ಕಾಯಿಲೆ. ಮತ್ತೆ ಹೆರಿಗೆಯಾದರೆ ಎಚ್ಚರ ಬೇಕು. ತಾಯಿ ಮಗುವನ್ನು ಬೇರೆಯಿಡಲು ಕಾರಣವಿಲ್ಲ.' ಕೇಳಿದ್ಯಾ? ಕಾರಣ ಇಲ್ಲವಂತೆ. ನಿಂಗೆ ಅರ್ಥ ಆಯ್ತಲ್ಲ? ಡಾಕ್ಟ್ರು ಎಷ್ಟು ಚೆಂದ ಬಿಡಿಸಿ ಬರ್ದಿದಾರೆ!"

ಅರ್ಥವಾಯಿತು, ಎಂದಳು ವಾರಿಜಾಕ್ಷಿ. ಇದೇ ಮಾತನ್ನು ಅವಳು ಕಾಲು ಹಿಡಿದು ಹೇಳಿದ್ದಳು, ಅವಳ ಅಪ್ಪ ಕೈಮುಗಿದು ಹೇಳಿದ್ದ. ಆಗ ಇವನ ಕಿವಿ ಎಲ್ಲಿತ್ತು? ಎರಡೂ ಕೈ ಚಾಚಿ ಮಗುವನ್ನು ಎತ್ತಿಕೊಂಡಳು. ಮಗು ಅವಳ ಗುರುತು ಹಿಡಿಯಲಿಲ್ಲ. ಕಿಟಾರನೆ ಕಿರುಚಿ ಅಪ್ಪನ ಕಡೆಗೇ ವಾಲಿತು. ಅವಳು ಬಿಡಲಿಲ್ಲ.

"ಇನ್ನೊಂದು ಪ್ರಶ್ನೆ ಕಳ್ಸಿದೀನಿ," ಅಂದ ಜಿನರಾಜ ಹೆಮ್ಮೆಯಿಂದ. "ನಿನ್ನನ್ನ ಮನೆಗೆ ಕರ್ಕೊಂಡು ಹೋಗ್ಬಹುದಾ ಅಂತ. ಡಾಕ್ಟ್ರು ಏನಂತಾರೋ ನೋಡೋಣ."

ವಾರಿಜಾಕ್ಷಿ ಅವನನ್ನೇ ನೋಡಿದಳು.

"ಉತ್ತರ ಬರೋ ತಂಕ ಅಲ್ಲೇ ಇರಿ," ಎಂದಳು.

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಅವನು ಸರಿಸಿದ್ದ ಗಳಗಳನ್ನು ಒಂದೊಂದಾಗಿ ಎಳೆದು ಹಾಕಿದಳು. ಬಗ್ಗಿ ಎದ್ದಾಗ ಅವಳ ಕೂದಲು ಮಗುವಿನ ಕೈಗೆ ಸಿಕ್ಕಿತು; ಅಳುತ್ತಲೇ ಅದನ್ನು ಬಿಗಿಯಾಗಿ ಹಿಡಿದುಕೊಂಡಿತು.